ಲಾರಿ ತಾನೇ ತಪ್ಪು ತೀರ್ಮಾನ ಮಾಡಿದಾಗ: ದೋಷವನ್ನು ಎಲ್ಲಿಂದ ಹುಡುಕಬೇಕು

ಕಾರವಾರದ ಬೈತಕೋಲ ಬಂದರಿನಲ್ಲಿ ಬಂಗಡೆ ತುಂಬಿಕೊಂಡ ಲಾರಿ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರ ತಲುಪಿದೆ. ಹುಬ್ಬಳ್ಳಿಗೆ ಹೋಗಬೇಕು. ಆಗ ಡ್ರೈವರ್ ಫೋನಿಗೆ ಒಂದು ಸೂಚನೆ ಬರುತ್ತದೆ: ‘ಅಂಕೋಲೆಯಿಂದ ಕುಮಟಾ ಕಡೆ ತಿರುಗಿ, ದೇವಿಮನೆ ಘಟ್ಟದ ಮೇಲೆ ಶಿರಸಿಗೆ ಹೋಗಿ.’ ಆಫೀಸಿನಲ್ಲಿ ಯಾರೂ ಇದನ್ನು ಕಳಿಸಿಲ್ಲ. ಸಾಫ್ಟ್‌ವೇರ್ ತಾನೇ ಲೆಕ್ಕ ಹಾಕಿದೆ, ತಾನೇ ತೀರ್ಮಾನ ಮಾಡಿದೆ. ಘಟ್ಟ ಹತ್ತಿ ಮುಗಿಸಿದ ಗಾಡಿಗೆ ಮತ್ತೆ ಕೆಳಗಿಳಿದು ಬೇರೆ ಘಟ್ಟ ಹತ್ತು ಎನ್ನುವ ಇಂಥ ಸೂಚನೆ ಬಂದಾಗ ಏನು ಮಾಡಬೇಕು? ಆ ಹುಡುಕಾಟದ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ಉತ್ತರ ಕನ್ನಡದಲ್ಲಿ ಮೀನು, ಅಡಿಕೆ, ಹಾಲು ಸಾಗಿಸುವ ಸಣ್ಣ ಗಾಡಿ ಮಾಲೀಕರೂ ಈಗ ಇಂಥ ವ್ಯವಸ್ಥೆ ಹಾಕಿಸಿಕೊಳ್ಳಬಹುದು. ಆದರೆ ಅದು ಕೆಟ್ಟಾಗ ನೋಡುವವರು ದೂರದ ಊರಿನಲ್ಲಿರುತ್ತಾರೆ. ನಮ್ಮ ಘಟ್ಟ, ನಮ್ಮ ಮಳೆ, ನಮ್ಮ ಉಪ್ಪುಗಾಳಿ ಅವರಿಗೆ ಗೊತ್ತಿರುವುದಿಲ್ಲ.

ಗಾಡಿ, ಪೆಟ್ಟಿಗೆ, ಸಾಮಾನು ಇವೆಲ್ಲ ಮೇಲಿನಿಂದ ಬರುವ ಒಂದೇ ಆದೇಶಕ್ಕೆ ಕಾಯದೆ, ತಮ್ಮ ಮಟ್ಟದಲ್ಲೇ ಮುಂದಿನ ಹೆಜ್ಜೆ ಆರಿಸಿಕೊಳ್ಳುವುದು, ಅಂದರೆ ಸ್ವಯಂ ನಿಯಂತ್ರಣ, ಹೊಸ ಕಲ್ಪನೆಯೇನಲ್ಲ. ಜರ್ಮನಿಯ ಬ್ರೆಮೆನ್ ವಿಶ್ವವಿದ್ಯಾಲಯದಲ್ಲಿ 2004ರಿಂದ 2012ರವರೆಗೆ ಇದರ ಮೇಲೆ ದೊಡ್ಡ ಸಂಶೋಧನೆ ನಡೆಯಿತು. ಇದರಿಂದ ಏನು ಲಾಭ ಎಂಬುದರ ಜೊತೆಗೆ ಇದರ ಮಿತಿ ಎಲ್ಲಿದೆ ಎಂಬುದನ್ನೂ ಅವರು ಹುಡುಕಿದರು. ನಮ್ಮ ಗಾಡಿಗಳಲ್ಲಿರುವುದು ಅದರ ಚಿಕ್ಕ ರೂಪ. ಟ್ರ್ಯಾಕರ್ ಎಲ್ಲಿದ್ದೇನೆ ಎಂದು ಹೇಳುತ್ತದೆ, ಸೆನ್ಸರ್ ಎಷ್ಟು ತಂಪಿದೆ ಎಂದು ಹೇಳುತ್ತದೆ, ನಿಯಮಗಳ ಒಂದು ಪಟ್ಟಿ ಇವೆರಡನ್ನೂ ನೋಡಿ ದಾರಿ ಬದಲಿಸುತ್ತದೆ, ಸರದಿ ಆರಿಸುತ್ತದೆ, ಅಲಾರಂ ಕೊಡುತ್ತದೆ.

ತಪ್ಪು ತೀರ್ಮಾನ ಕಂಡ ಕೂಡಲೇ ಎಲ್ಲರೂ ನಿಯಮವನ್ನೇ ತಿದ್ದಲು ಹೊರಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಾನು ನೋಡಿದ ಮಟ್ಟಿಗೆ ನಿಯಮ ಸರಿಯಾಗಿಯೇ ಇರುತ್ತದೆ, ಅದರ ಕೈಗೆ ಸಿಕ್ಕ ಮಾಹಿತಿ ಹಳೆಯದಾಗಿರುತ್ತದೆ ಅಥವಾ ಸುಳ್ಳಾಗಿರುತ್ತದೆ. ಹಾಗಾಗಿ ಮೊದಲ ಪ್ರಶ್ನೆ ಇದು: ತೀರ್ಮಾನ ಮಾಡಿದ ಆ ಕ್ಷಣದಲ್ಲಿ ಅದಕ್ಕೆ ಏನು ಗೊತ್ತಿತ್ತು, ಮತ್ತು ಗೊತ್ತಿದ್ದದ್ದು ಎಷ್ಟು ಹಳೆಯದು? ಇದಕ್ಕೆ ಉತ್ತರ ಸಿಗುವವರೆಗೆ ಒಂದು ಸೆಟ್ಟಿಂಗನ್ನೂ ಮುಟ್ಟಬಾರದು. ಮುಟ್ಟಿದರೆ ಸಾಕ್ಷಿ ಅಳಿಸಿದ ಹಾಗೆ.

ಡ್ರೈವರನ್ನೂ ಹೀಗೇ ಕೇಳಬೇಕು. ‘ಯಾಕೆ ಆ ದಾರಿ ಹಿಡಿದೆ?’ ಎಂದು ಕೇಳಿದರೆ ಅವನು ತನ್ನನ್ನು ಉಳಿಸಿಕೊಳ್ಳುವ ಮಾತಾಡುತ್ತಾನೆ. ‘ಅಣ್ಣ, ಆಗ ಫೋನಲ್ಲಿ ಏನು ಕಾಣಿಸ್ತಿತ್ತು? ಎಲ್ಲಿ ಬಂದಾಗ ಬಂತು?’ ಎಂದು ಕೇಳಿದರೆ ನಿಜವಾದ ವಿವರ ಸಿಗುತ್ತದೆ. ಸುಳ್ಳು ಅಲಾರಂ ನಂಬಿ ಡ್ರೈವರ್ ಸಂಬಳ ಕಡಿಯುವ ಮಾಲೀಕರಿದ್ದಾರೆ. ಅದು ದೊಡ್ಡ ಅನ್ಯಾಯ. ಯಂತ್ರದ ಮಾತನ್ನು ಪರೀಕ್ಷೆ ಮಾಡದೆ ಮನುಷ್ಯನ ಮೇಲೆ ಹೊರಿಸಬಾರದು.

ಮೊದಲು ಎರಡು ಗಡಿಯಾರ ನೋಡಿ

ಗಾಡಿಗಳ ಮಾಹಿತಿ ಬಂದು ಸೇರುವ, ತೀರ್ಮಾನ ಮಾಡುವ ಕಂಪ್ಯೂಟರೇ ಸರ್ವರ್. ಅದರ ಲಾಗಿನಲ್ಲಿ, ಅಂದರೆ ದಾಖಲೆ ಪಟ್ಟಿಯಲ್ಲಿ, ಪ್ರತಿ ಸಂದೇಶಕ್ಕೂ ಎರಡು ಸಮಯ ಇರಬೇಕು. ಒಂದು, ಗಾಡಿಯ ಯಂತ್ರ ಆ ಮಾಹಿತಿಯನ್ನು ಬರೆದುಕೊಂಡ ಸಮಯ. ಇನ್ನೊಂದು, ಸರ್ವರಿಗೆ ಅದು ತಲುಪಿದ ಸಮಯ. ಒಂದೇ ಸಮಯ ತೋರಿಸುವ ವ್ಯವಸ್ಥೆಯಾದರೆ ಕೊಟ್ಟವರಿಗೆ ಫೋನ್ ಮಾಡಿ ಎರಡನೆಯದನ್ನೂ ಕೇಳಿ ಪಡೆಯಿರಿ. ಅದಿಲ್ಲದೆ ಮುಂದಿನ ಯಾವ ಕೆಲಸವೂ ಆಗುವುದಿಲ್ಲ. ಒಂದರಿಂದ ಇನ್ನೊಂದನ್ನು ಕಳೆದರೆ ಸಿಗುವುದೇ ಮಾಹಿತಿಯ ವಯಸ್ಸು. ಎಕ್ಸೆಲ್‌ನಲ್ಲಿ ಅದಕ್ಕೊಂದು ಕಾಲಂ ಮಾಡಿ.

ಕಾರವಾರ, ಅಂಕೋಲಾ, ಕುಮಟಾ ಪೇಟೆಗಳಲ್ಲಿ ಈ ವಯಸ್ಸು ಕೆಲವು ಸೆಕೆಂಡ್ ಇರುತ್ತದೆ. ಘಟ್ಟದ ಕಾಡಿನಲ್ಲಿ ಟವರ್ ಸಿಗದಾಗ ಟ್ರ್ಯಾಕರ್ ಎಲ್ಲವನ್ನೂ ತನ್ನ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಸಿಗ್ನಲ್ ಬಂದ ಕೂಡಲೇ ಕೂಡಿಟ್ಟಿದ್ದನ್ನೆಲ್ಲ ಒಟ್ಟಿಗೆ ಸುರಿಯುತ್ತದೆ. ಅದು ದೋಷವಲ್ಲ, ಅದು ಇರಬೇಕಾದದ್ದೇ ಹಾಗೆ. ದೋಷ ಹುಟ್ಟುವುದು ಸರ್ವರಿನಲ್ಲಿ. ಕೆಲವು ಯಂತ್ರಗಳು ಹೊಸ ಮಾಹಿತಿಯನ್ನು ಮೊದಲು ಕಳಿಸಿ, ಹಳೆಯದನ್ನು ಆಮೇಲೆ ಕಳಿಸುತ್ತವೆ. ಕೊನೆಗೆ ಬಂದದ್ದೇ ಇತ್ತೀಚಿನದು ಎಂದು ಸರ್ವರ್ ನಂಬಿದರೆ, ಯಲ್ಲಾಪುರದಲ್ಲಿರುವ ಗಾಡಿ ಅದರ ಲೆಕ್ಕದಲ್ಲಿ ಘಟ್ಟದ ಬುಡದಲ್ಲೇ ಇರುತ್ತದೆ. ಮುಂದೆ ಅರಬೈಲ್‌ನಲ್ಲಿ ವಾಹನ ನಿಂತಿವೆ ಎಂದು ಗೊತ್ತಾದರೆ ಅದು ಪಾಪ ದೇವಿಮನೆ ದಾರಿ ತೋರಿಸುತ್ತದೆ. ಆರಂಭದಲ್ಲಿ ಹೇಳಿದ ವಿಚಿತ್ರ ಸೂಚನೆ ಹುಟ್ಟುವುದು ಹೀಗೆ.

ಇದನ್ನು ಖಚಿತ ಮಾಡಿಕೊಳ್ಳುವುದು ಸುಲಭ. ಸಂದೇಶಗಳನ್ನು ತಲುಪಿದ ಕ್ರಮದಲ್ಲಿ ಜೋಡಿಸಿ ಮ್ಯಾಪಿನ ಮೇಲೆ ಹಾಕಿ. ಗಾಡಿ ಮುಂದೆ ಹೋಗಿ ಹಿಂದೆ ಜಿಗಿದಂತೆ ಕಾಣುತ್ತದೆ. ಅವನ್ನೇ ಯಂತ್ರದ ಸಮಯದ ಕ್ರಮದಲ್ಲಿ ಜೋಡಿಸಿದರೆ ಗೆರೆ ಸರಾಗವಾಗುತ್ತದೆ. ಹಾಗಾದರೆ ಗಾಡಿಯಲ್ಲಿ ಏನೂ ಕೆಟ್ಟಿಲ್ಲ. ಸರ್ವರಿನಲ್ಲಿ ಒಂದು ನಿಯಮ ಸೇರಿಸಿ: ಈಗಾಗಲೇ ನೋಡಿದ್ದಕ್ಕಿಂತ ಹಳೆಯ ಮಾಹಿತಿ ಬಂದರೆ ಇತಿಹಾಸಕ್ಕೆ ಸೇರಿಸಲಿ, ತೀರ್ಮಾನಕ್ಕೆ ಬಳಸಬಾರದು. ಜೊತೆಗೆ, ಮಾಹಿತಿಯ ವಯಸ್ಸು ಇಂತಿಷ್ಟು ನಿಮಿಷ ದಾಟಿದ್ದರೆ ದಾರಿ ಬದಲಿಸುವ ಸೂಚನೆಯೇ ಹೋಗಬಾರದು. ಎಷ್ಟು ನಿಮಿಷ ಎಂಬುದನ್ನು ನಿಮ್ಮ ಗಾಡಿ ಓಡುವ ಘಟ್ಟ ನೋಡಿ ನಿರ್ಧರಿಸಿ. ಅರಬೈಲ್‌ಗೆ ಸಾಕಾಗುವ ಮಿತಿ ಅಣಶಿ ಘಟ್ಟಕ್ಕೆ ಸಾಲುವುದಿಲ್ಲ.

ಗಡಿಯಾರವೇ ತಪ್ಪಿದ್ದರೆ? ವ್ಯತ್ಯಾಸ ಸರಿಯಾಗಿ 5 ಗಂಟೆ 30 ನಿಮಿಷ ಇದ್ದರೆ ಬೇರೆ ಏನೂ ಹುಡುಕಬೇಡಿ. ಯಂತ್ರ ಜಾಗತಿಕ ಸಮಯದಲ್ಲಿ ಬರೆಯುತ್ತಿದೆ, ಸರ್ವರ್ ಅದನ್ನು ಭಾರತದ ಸಮಯ ಎಂದು ಓದುತ್ತಿದೆ, ಅಷ್ಟೆ. ಈ ತಪ್ಪು ಸಣ್ಣದಾಗಿ ಕಾಣುತ್ತದೆ, ಆದರೆ ದಿನ ಬದಲಾಗುವ ಹೊತ್ತಿಗೆ ಕಚ್ಚುತ್ತದೆ. ಶಿರಸಿಯಿಂದ ಉತ್ತರ ಭಾರತಕ್ಕೆ ಅಡಿಕೆ ಹೊತ್ತ ಲಾರಿಗೆ ಇ-ವೇ ಬಿಲ್, ಅಂದರೆ ಜಿಎಸ್‌ಟಿಯ ಸಾಗಣೆ ಪತ್ರ, ಇರುತ್ತದೆ. ಸಾಮಾನ್ಯ ಸರಕಿಗೆ 200 ಕಿ.ಮೀ.ಗೆ ಒಂದು ದಿನದ ಲೆಕ್ಕದಲ್ಲಿ ಅದರ ಅವಧಿ, ಮತ್ತು ಅದು ಮುಗಿಯುವುದು ಮಧ್ಯರಾತ್ರಿಗೆ. ಜಾಗತಿಕ ಸಮಯ ನಂಬಿದ ಸಾಫ್ಟ್‌ವೇರಿಗೆ ಬೆಳಗ್ಗೆ ಐದೂವರೆಯವರೆಗೂ ನಿನ್ನೆಯ ದಿನವೇ ನಡೆಯುತ್ತಿರುತ್ತದೆ. ಬಿಲ್ ಇನ್ನೂ ಇದೆ, ಓಡು ಎಂದು ಅದು ಹೇಳುತ್ತದೆ. ದಾರಿಯಲ್ಲಿ ತಪಾಸಣೆಗೆ ನಿಲ್ಲಿಸಿದಾಗ ಸಿಕ್ಕಿಬೀಳುವವನು ಡ್ರೈವರ್.

ಇನ್ನೊಂದು ವಿಚಿತ್ರ ಇದೆ. ದಿನಾಂಕ ಒಮ್ಮೆಗೇ ಸುಮಾರು 19 ವರ್ಷ ಏಳೂವರೆ ತಿಂಗಳು ಹಿಂದೆ ಹೋಗಿದ್ದರೆ ಅದು ಜಿಪಿಎಸ್ ವಾರಗಳ ಎಣಿಕೆಯ ಸಮಸ್ಯೆ. ಜಿಪಿಎಸ್ ಸಂಕೇತದಲ್ಲಿ ವಾರಗಳನ್ನು ಸೊನ್ನೆಯಿಂದ 1023ರವರೆಗೆ ಎಣಿಸಿ ಮತ್ತೆ ಸೊನ್ನೆಯಿಂದ ಶುರು ಮಾಡುತ್ತಾರೆ. ಜಾಗತಿಕ ಸಮಯದ ಪ್ರಕಾರ 2019ರ ಏಪ್ರಿಲ್ 6ರ ರಾತ್ರಿ ಹೀಗೆ ಒಂದು ಸುತ್ತು ಮುಗಿಯಿತು. ಹಳೆಯ ಟ್ರ್ಯಾಕರ್‌ಗಳಲ್ಲಿ ಒಳಗಿನ ಸಾಫ್ಟ್‌ವೇರ್ ನೋಡಿಕೊಂಡು ಇದು ಬೇರೆ ದಿನವೂ ಕಾಣಿಸಿಕೊಳ್ಳಬಹುದು. ತಯಾರಕರ ಹೊಸ ಸಾಫ್ಟ್‌ವೇರ್ ಹಾಕಿ, ಸಿಗದಿದ್ದರೆ ಯಂತ್ರ ಬದಲಿಸಿ.

ಗಡಿಯಾರ ಪರೀಕ್ಷೆಗೆ ನಮ್ಮಲ್ಲೇ ಒಳ್ಳೆಯ ಸಾಕ್ಷಿ ಇದೆ. ಹಟ್ಟಿಕೇರಿ ಟೋಲ್, ಹೊಳೆಗದ್ದೆ ಟೋಲ್. ಫಾಸ್ಟ್ಯಾಗ್ 2021ರ ಫೆಬ್ರವರಿಯಿಂದ ಕಡ್ಡಾಯ. ಹಾಗಾಗಿ ಪ್ರತಿ ಲಾರಿಯೂ ಅಲ್ಲಿ ತನ್ನ ಸಮಯ ಬಿಟ್ಟು ಹೋಗಿರುತ್ತದೆ. ಫೋನಿಗೆ ಎಸ್‌ಎಂಎಸ್ ಬಂದ ಸಮಯ ನೋಡಬೇಡಿ, ಅದು ತಡವಾಗಿ ಬರಬಹುದು. ಖಾತೆಯ ವಿವರದಲ್ಲಿ ಗಾಡಿ ಟೋಲ್ ದಾಟಿದ ಸಮಯ ಇರುತ್ತದೆ, ಅದನ್ನು ನೋಡಿ. ಟ್ರ್ಯಾಕರ್ ಅದೇ ಹೊತ್ತಿಗೆ ಗಾಡಿಯನ್ನು ಟೋಲಿನ ಹತ್ತಿರ ತೋರಿಸಬೇಕು. ಎರಡೂ ಟೋಲಿನಲ್ಲಿ ಹೊಂದಿದರೆ ಗಡಿಯಾರವನ್ನು ನಂಬಿ ಮುಂದೆ ಹೋಗಿ.

ಗಾಡಿ ನಿಂತಿದೆಯಾ, ಅಥವಾ ಮಾಹಿತಿ ನಿಂತಿದೆಯಾ?

ನಿಂತ ಗಾಡಿಯ ಜಿಪಿಎಸ್ ಸ್ಥಾನ ಕೂಡ ಕೆಲವು ಮೀಟರ್ ಅತ್ತಿತ್ತ ಅಲುಗುತ್ತಲೇ ಇರುತ್ತದೆ. ಅಕ್ಷಾಂಶ, ರೇಖಾಂಶ ಎರಡೂ ಕೊನೆಯ ಅಂಕಿಯವರೆಗೆ ಒಂದೇ ಆಗಿ ಮತ್ತೆ ಮತ್ತೆ ಬರುತ್ತಿದ್ದರೆ ಅನುಮಾನ ಪಡಿ. ಟ್ರ್ಯಾಕರಿಗೆ ಉಪಗ್ರಹ ಸಿಗುತ್ತಿಲ್ಲ, ಅದು ಹಳೆಯ ಸ್ಥಾನಕ್ಕೆ ಹೊಸ ಸಮಯ ಅಂಟಿಸಿ ಕಳಿಸುತ್ತಿದೆ. ಇಂಥ ಸಂದೇಶದ ವಯಸ್ಸು ಲೆಕ್ಕದಲ್ಲಿ ಸೊನ್ನೆ ಬರುತ್ತದೆ, ಮೇಲಿನ ಪರೀಕ್ಷೆ ಇದನ್ನು ಹಿಡಿಯುವುದಿಲ್ಲ. ಅದಕ್ಕೇ ಇದು ಜಾಸ್ತಿ ಅಪಾಯ. ಆದರೆ ಎಂಜಿನ್ ಬಂದ್ ಆದಾಗ ಕೆಲವು ಟ್ರ್ಯಾಕರ್‌ಗಳು ಬೇಕೆಂದೇ ಸ್ಥಾನವನ್ನು ಹಿಡಿದಿಡುತ್ತವೆ. ಆದ್ದರಿಂದ ಇಗ್ನಿಷನ್ ಕಾಲಂ ನೋಡಿ. ಎಂಜಿನ್ ಚಾಲೂ ಇದ್ದು, ಸ್ಥಾನ ಒಂದಂಕಿಯೂ ಬದಲಾಗದಿದ್ದರೆ ಆಂಟೆನಾ ಕಡೆ ಹೋಗಿ. ಡ್ಯಾಶ್‌ಬೋರ್ಡಿನ ಲೋಹದ ಪಟ್ಟಿಯ ಕೆಳಗೆ ಅಡಗಿಸಿಟ್ಟ ಆಂಟೆನಾ, ತಿರುಚಿದ ತಂತಿ, ಒಳಗೆ ನೀರು ಹೋದ ಕನೆಕ್ಟರ್, ಇವಿಷ್ಟನ್ನು ಮೊದಲು ನೋಡಿ.

ಕಾರವಾರ ಮತ್ತು ಬಿಣಗಾ ನಡುವಿನ ಸುರಂಗ ದಾಟುವಾಗ ಜಿಪಿಎಸ್ ಸ್ವಲ್ಪ ಹೊತ್ತು ಹೋಗುತ್ತದೆ. ಹೊರಬಂದಾಗ ಮೊದಲ ಒಂದೆರಡು ಸ್ಥಾನ ಸಮುದ್ರದಲ್ಲೋ ಗುಡ್ಡದ ಮೇಲೋ ಬೀಳಬಹುದು. ಅದಕ್ಕೆ ರಿಪೇರಿ ಬೇಡ. ನಿಯಮ ಒಂದೇ ಸ್ಥಾನ ನಂಬಿ ತೀರ್ಮಾನ ಮಾಡದಂತೆ ನೋಡಿಕೊಂಡರೆ ಸಾಕು.

ಬೈತಕೋಲದ ವಿಷಯ ಬೇರೆ. ಅಲ್ಲಿ ಬಂದರಿನ ಪಕ್ಕದಲ್ಲೇ ರಾಷ್ಟ್ರೀಯ ಹೆದ್ದಾರಿ 66 ಹೋಗುತ್ತದೆ. ಮ್ಯಾಪಿನಲ್ಲಿ ಬಂದರಿನ ಸುತ್ತ ದೊಡ್ಡದಾಗಿ ಒಂದು ವೃತ್ತ ಎಳೆದು ‘ಇದರೊಳಗೆ ಬಂದರೆ ತಲುಪಿದಂತೆ’ ಎಂದು ಇಟ್ಟರೆ, ಗೋವಾದಿಂದ ಕುಮಟಾಕ್ಕೆ ಹೋಗುವ ಗಾಡಿಯೂ ಬಂದರಿಗೆ ಬಂದು ಹೋದಂತೆ ದಾಖಲಾಗುತ್ತದೆ. ಅದಕ್ಕೆ ಲೋಡಿಂಗ್ ಸರದಿ ಸಿಗುತ್ತದೆ. ನಿಜವಾಗಿ ದಕ್ಕೆಯಲ್ಲಿ ಕಾಯುತ್ತಿರುವ ಗಾಡಿ ಹಿಂದೆ ಬೀಳುತ್ತದೆ, ಅದಕ್ಕೆ ತುಂಬಬೇಕಿದ್ದ ಮೀನು ಬಿಸಿಲಿಗೆ ಕೂರುತ್ತದೆ. ವೃತ್ತದ ಬದಲು ಬಂದರಿನ ಆಕಾರಕ್ಕೆ ತಕ್ಕಂತೆ ಗೆರೆ ಎಳೆಯಿರಿ, ಹೆದ್ದಾರಿಯನ್ನು ಹೊರಗೆ ಬಿಡಿ. ಒಳಗೆ ಬಂದು ಕೆಲವು ನಿಮಿಷ ವೇಗ ಸೊನ್ನೆ ಇದ್ದರೆ ಮಾತ್ರ ‘ತಲುಪಿತು’ ಎನ್ನಲಿ.

ತಂಪಿನ ಲೆಕ್ಕ

ಮೀನಿನ ಗಾಡಿಯಲ್ಲಿ ಅತಿ ಹೆಚ್ಚು ನಷ್ಟ ಮಾಡುವ ತಪ್ಪು ತೀರ್ಮಾನ ಇಲ್ಲೇ ಹುಟ್ಟುತ್ತದೆ. ಪೆಟ್ಟಿಗೆ ಬಿಸಿಯಾಗಿದೆ ಎಂದುಕೊಂಡು ಗಾಡಿಯನ್ನು ಹತ್ತಿರದ ಶೀತಲಗೃಹಕ್ಕೆ ತಿರುಗಿಸುವುದು ಒಂದು. ಬಿಸಿಯಾಗಿದ್ದರೂ ಸುಮ್ನೆ ಓಡಿಸುತ್ತಲೇ ಇರುವುದು ಇನ್ನೊಂದು. ಎರಡನೆಯದೇ ಕೆಟ್ಟದ್ದು, ಯಾಕೆಂದರೆ ಬಾಗಿಲು ತೆರೆಯುವವರೆಗೂ ಗೊತ್ತಾಗುವುದಿಲ್ಲ.

ಮೊದಲು ಅಸಾಧ್ಯ ಅಂಕಿಗಳನ್ನು ಗುರುತಿಸಿ. ಡಿಎಸ್18ಬಿ20 ಎಂಬ ಅಗ್ಗದ ಡಿಜಿಟಲ್ ಸೆನ್ಸರ್ ಬಹಳ ಕಡೆ ಬಳಕೆಯಲ್ಲಿದೆ. ಅದು ಸರಿಯಾಗಿ 85 ಡಿಗ್ರಿ ತೋರಿಸಿದರೆ ಅಳತೆ ನಡೆದೇ ಇಲ್ಲ ಎಂದರ್ಥ. ಕರೆಂಟ್ ಬಂದ ಕೂಡಲೇ ಅದರೊಳಗೆ ಇರುವ ಆರಂಭದ ಅಂಕಿ ಅದು. ಗಾಡಿಯ ಬ್ಯಾಟರಿ ತಂತಿ ಸಡಿಲವಾಗಿ ಸೆನ್ಸರ್ ಮತ್ತೆ ಮತ್ತೆ ಹೊತ್ತಿಕೊಳ್ಳುತ್ತಿದ್ದರೆ ಹೀಗಾಗುತ್ತದೆ. ಮೈನಸ್ 127 ಕಂಡರೆ ಸೆನ್ಸರ್ ಸಂಪರ್ಕವೇ ಇಲ್ಲ. ಸರಾಸರಿ ತೆಗೆಯುವ ನಿಯಮಕ್ಕೆ ಇಂಥ ಒಂದೇ ಅಂಕಿ ಸೇರಿದರೂ ಇಡೀ ಲೆಕ್ಕ ಹಾಳು. ಸರಾಸರಿಗೆ ಮುಂಚೆಯೇ ಇವನ್ನು ಎತ್ತಿ ಹಾಕಬೇಕು.

ತಾಪಮಾನಕ್ಕೆ ತಕ್ಕಂತೆ ವಿದ್ಯುತ್ ರೋಧ ಬದಲಾಗುವ ಥರ್ಮಿಸ್ಟರ್ ಸೆನ್ಸರಾದರೆ ನಮ್ಮ ಕರಾವಳಿಯ ಉಪ್ಪುಗಾಳಿ ಅದಕ್ಕೆ ಎರಡು ರೀತಿಯಲ್ಲಿ ಸುಳ್ಳು ಹೇಳಿಸುತ್ತದೆ. ಇದನ್ನು ಸರಿಯಾಗಿ ಅರ್ಥ ಮಾಡಿಕೊಂಡರೆ ಅರ್ಧ ಕೆಲಸ ಮುಗಿಯಿತು. ಸಾಮಾನ್ಯವಾಗಿ ಬಳಸುವ ಥರ್ಮಿಸ್ಟರ್‌ನ ವಿದ್ಯುತ್ ರೋಧ 25 ಡಿಗ್ರಿಯಲ್ಲಿ 10 ಕಿಲೊಓಮ್, 0 ಡಿಗ್ರಿಯಲ್ಲಿ ಸುಮಾರು 33 ಕಿಲೊಓಮ್. ತಂಪಾದಷ್ಟೂ ರೋಧ ಏರುತ್ತದೆ. ಕನೆಕ್ಟರಿನ ಪಿನ್‌ಗಳಲ್ಲಿ ಹಸಿರು ಕಿಲುಬು ಕಟ್ಟಿದರೆ ಹೆಚ್ಚುವರಿ ರೋಧ ಸೇರುತ್ತದೆ, ಸೆನ್ಸರ್ ನಿಜಕ್ಕಿಂತ ತಂಪು ತೋರಿಸುತ್ತದೆ. ಕಿಲುಬು 3 ಕಿಲೊಓಮ್ ಸೇರಿಸಿದರೂ ಸಾಕು, ಸೊನ್ನೆಯ ಹತ್ತಿರ ಎರಡು ಡಿಗ್ರಿಯ ಸುಳ್ಳು ಬರುತ್ತದೆ. ಮೀನು ಕೆಡುತ್ತಿದ್ದರೂ ಪರದೆಯ ಮೇಲೆ ಎಲ್ಲವೂ ತಂಪಾಗಿರುತ್ತದೆ. ಮಳೆಗಾಲದಲ್ಲಿ ಕನೆಕ್ಟರಿನೊಳಗೆ ಉಪ್ಪುನೀರು ನಿಂತರೆ ಆಗುವುದು ಇದಕ್ಕೆ ತಿರುಗುಮುರುಗು. ಎರಡು ಪಿನ್‌ಗಳ ನಡುವೆ ಕರೆಂಟ್ ಹರಿಯಲು ಅಡ್ಡದಾರಿ ಸಿಗುತ್ತದೆ, ರೋಧ ಇಳಿಯುತ್ತದೆ, ಸೆನ್ಸರ್ ಬಿಸಿ ತೋರಿಸುತ್ತದೆ. ಆಗ ಚೆನ್ನಾಗಿರುವ ಮಾಲನ್ನು ವ್ಯವಸ್ಥೆ ತಿರುಗಿಸಿ ಕಳಿಸುತ್ತದೆ.

ಪರೀಕ್ಷೆ ಮಾಡಲು ದೊಡ್ಡ ಉಪಕರಣ ಬೇಡ. ಒಂದು ಥರ್ಮಾಸಿನಲ್ಲಿ ಪುಡಿ ಮಾಡಿದ ಐಸ್ ತುಂಬಿ, ಸ್ವಲ್ಪ ನೀರು ಹಾಕಿ ಕಲಕಿ, ಸೆನ್ಸರ್ ಮುಳುಗಿಸಿ ಕೆಲವು ನಿಮಿಷ ಬಿಡಿ. 0 ಡಿಗ್ರಿ ತೋರಿಸಬೇಕು. ಮೀನಿನ ಕ್ರೇಟಿನ ಐಸ್ ಮಾತ್ರ ಬಳಸಬೇಡಿ. ಅದರಲ್ಲಿ ಉಪ್ಪು ಸೇರಿರುತ್ತದೆ, ಉಪ್ಪು ಸೇರಿದ ಐಸ್ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ. ಕುಡಿಯುವ ನೀರಿನಿಂದ ಮಾಡಿದ ಐಸ್ ಬೇಕು. ಪರೀಕ್ಷೆಯ ಹೊತ್ತಿಗೆ ಕನೆಕ್ಟರ್ ಗಾಡಿಯಲ್ಲಿ ಇದ್ದಲ್ಲೇ ಇರಲಿ. ಸೆನ್ಸರನ್ನು ಬಿಚ್ಚಿ ಮೇಜಿನ ಮೇಲೆ ಪರೀಕ್ಷಿಸಿದರೆ ಅದು ಪಾಸಾಗುತ್ತದೆ, ಕೆಟ್ಟಿರುವ ಕನೆಕ್ಟರ್ ಗಾಡಿಯಲ್ಲೇ ಉಳಿಯುತ್ತದೆ.

ಸೆನ್ಸರ್ ಸರಿ ಇದ್ದರೂ ಅದು ಅಳೆಯುವುದು ಏನನ್ನು? ತಂಪು ಮಾಡುವ ಯಂತ್ರದ ಕಡೆಗೆ ವಾಪಸ್ ಬರುವ ಗಾಳಿಯನ್ನು ಅಳೆಯುವ ಸೆನ್ಸರಾದರೆ ಡಿಫ್ರಾಸ್ಟ್ ಹೊತ್ತಿಗೆ ಅಂಕಿ ಏರುತ್ತದೆ. ಕಾಯಿಲ್ ಮೇಲೆ ಕಟ್ಟಿದ ಹಿಮ ಕರಗಿಸಲು ಯಂತ್ರ ತಾನೇ ಬಿಸಿ ಮಾಡಿಕೊಳ್ಳುತ್ತದೆ. ಆಗ ಗಾಳಿ ಬಿಸಿಯಾಗುತ್ತದೆ, ಮೀನು ಬಿಸಿಯಾಗಿರುವುದಿಲ್ಲ. ಗ್ರಾಫಿನಲ್ಲಿ ಸಮನಾದ ಅಂತರಕ್ಕೊಮ್ಮೆ ಒಂದೇ ಎತ್ತರದ ಗುಡ್ಡ ಕಂಡರೆ ಅದು ಡಿಫ್ರಾಸ್ಟ್. ಅಂತರ ಸಮ ಇಲ್ಲದೆ ಬಾಗಿಲು ತೆರೆದ ಸಮಯಕ್ಕೆ ಹೊಂದಿದರೆ ಅದು ಬಾಗಿಲು. ಗುಡ್ಡ ಏರಿ ಇಳಿಯದೇ ಇದ್ದರೆ ಮಾತ್ರ ಯಂತ್ರ ಕೆಟ್ಟಿದೆ. ಅಲಾರಂ ನಿಯಮ ಡಿಫ್ರಾಸ್ಟ್ ಅವಧಿಯನ್ನು ಬಿಟ್ಟು ಲೆಕ್ಕ ಹಾಕಬೇಕು.

ಕ್ರೇಟುಗಳ ನಡುವೆ ವೈರ್‌ಲೆಸ್ ಸೆನ್ಸರ್ ಇಡುವವರಿಗೆ ಒಂದು ಮಾತು. ಖಾಲಿ ಗಾಡಿಯಲ್ಲಿ ಸಿಗ್ನಲ್ ಚೆನ್ನಾಗಿದ್ದು ತುಂಬಿದ ಮೇಲೆ ಹೋಗುತ್ತದೆಯಾ? ಸೆನ್ಸರ್ ಬದಲಿಸಿ ಪ್ರಯೋಜನವಿಲ್ಲ. ಇಂಥ ಸೆನ್ಸರ್‌ಗಳು ಹೆಚ್ಚಾಗಿ ಬಳಸುವ 2.4 ಗಿಗಾಹರ್ಟ್ಸ್ ತರಂಗವನ್ನು ನೀರು ಹೀರಿಕೊಳ್ಳುತ್ತದೆ. ಬ್ರೆಮೆನ್‌ನವರು ಬಾಳೆಹಣ್ಣಿನ ಕಂಟೇನರ್‌ಗಳಲ್ಲಿ ಸೆನ್ಸರ್ ಇಟ್ಟಾಗ ಇದೇ ತೊಂದರೆ ಎದುರಿಸಿದರು. ಹಣ್ಣಿನಲ್ಲಿರುವ ನೀರೇ ಅಷ್ಟು ಕಾಡಿದರೆ ಒದ್ದೆ ಮೀನಿನ ರಾಶಿ ಸುಮ್ಮನಿರುತ್ತದೆಯೇ? ತಂತಿ ಇರುವ ಸೆನ್ಸರ್ ಹಾಕಿ. ಆಗದಿದ್ದರೆ ಸೆನ್ಸರನ್ನು ಕ್ರೇಟಿನೊಳಗೇ ಇಟ್ಟು, ಅದರ ಆಂಟೆನಾ ಮಾತ್ರ ರಾಶಿಯ ಮೇಲಿನ ಖಾಲಿ ಜಾಗಕ್ಕೆ ಬರುವಂತೆ ಮಾಡಿ. ಸಿಗ್ನಲ್ ಹೋದಾಗ ಹಳೆಯ ಅಂಕಿಯನ್ನೇ ‘ಈಗಿನದು’ ಎಂದು ತೋರಿಸುವ ವ್ಯವಸ್ಥೆಯನ್ನು ಎಂದೂ ಒಪ್ಪಬೇಡಿ.

ನಕಾಶೆಯಲ್ಲಿ ಇರುವ, ನೆಲದ ಮೇಲೆ ಇಲ್ಲದ ರಸ್ತೆ

ಗಡಿಯಾರ, ಸ್ಥಾನ, ತಾಪಮಾನ ಮೂರೂ ಸರಿ ಇದ್ದು ದಾರಿ ಮಾತ್ರ ತಪ್ಪಿದರೆ ಮ್ಯಾಪ್ ನೋಡಿ. ನಮ್ಮ ಜಿಲ್ಲೆಯಲ್ಲಿ ರಸ್ತೆ ಒಂದೇ ರಾತ್ರಿಯಲ್ಲಿ ಬದಲಾಗಬಹುದು. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಮುಚ್ಚಿಹೋಯಿತು, ಜೀವಗಳೂ ಹೋದವು. ಇನ್ನೂ ಒಂದು ತಿಂಗಳು ತುಂಬುವ ಮೊದಲೇ, ಆಗಸ್ಟ್ 7ರ ನಸುಕಿಗೆ ಮುಂಚೆ, ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಒಂದು ಲಾರಿ ನದಿಗೆ ಬಿತ್ತು, ಅದರ ಡ್ರೈವರನ್ನು ಕಾಪಾಡಿದರು.

ಸೇತುವೆ ಬಿದ್ದ ಮೇಲೆ ಎರಡೂ ಕಡೆಯ ವಾಹನ ಹೊಸ ಸೇತುವೆಯ ಮೇಲೆ ಓಡತೊಡಗಿದವು. ಹಳೆಯ ಮ್ಯಾಪ್ ಇಟ್ಟುಕೊಂಡ ವ್ಯವಸ್ಥೆಗೆ ಇದು ಎರಡು ಬಗೆಯ ಗೊಂದಲ ಕೊಡಬಹುದು. ಒಂದು, ಇಲ್ಲದ ಸೇತುವೆಯ ಮೇಲೆ ಗಾಡಿಯನ್ನು ಕಳಿಸುವುದು. ಇನ್ನೊಂದು, ಹೊಸ ಸೇತುವೆ ಏಕಮುಖ ಎಂದು ನಂಬಿ, ಎದುರಿನಿಂದ ಬರುವ ಗಾಡಿಗೆ ‘ವಿರುದ್ಧ ದಿಕ್ಕಿನ ಚಾಲನೆ’ ಎಂದು ಅಲಾರಂ ಹಾಕುವುದು. ಅಲಾರಂಗಳೆಲ್ಲ ಒಂದೇ ಜಾಗದಲ್ಲಿ, ಬೇರೆ ಬೇರೆ ಡ್ರೈವರ್‌ಗಳಿಗೆ ಬರುತ್ತಿದ್ದರೆ ತಪ್ಪು ಡ್ರೈವರದ್ದಲ್ಲ, ಮ್ಯಾಪಿನದು. ಈ ಒಂದು ಪರೀಕ್ಷೆ ಎಲ್ಲ ಬಗೆಯ ಅಲಾರಂಗೂ ನಡೆಯುತ್ತದೆ. ಒಂದೇ ಜಾಗ, ಹಲವು ಗಾಡಿ: ಮ್ಯಾಪ್ ಅಥವಾ ನೆಟ್‌ವರ್ಕ್. ಒಂದೇ ಗಾಡಿ, ಹಲವು ಜಾಗ: ಯಂತ್ರ. ಒಂದೇ ಹೊತ್ತು, ಎಲ್ಲ ಗಾಡಿ: ಸರ್ವರ್.

ಮಳೆಗಾಲದಲ್ಲಿ ಘಟ್ಟಗಳ ಮೇಲೆ ಭಾರಿ ವಾಹನ ನಿಷೇಧಿಸುವ ಆದೇಶ ಜಿಲ್ಲಾಡಳಿತದಿಂದ ಬರುತ್ತದೆ. ಅದನ್ನು ಕೈಯಾರೆ ಮ್ಯಾಪಿಗೆ ಸೇರಿಸಬೇಕಾಗುತ್ತದೆ. ಸೇರಿಸುವುದನ್ನು ಎಲ್ಲರೂ ಮಾಡುತ್ತಾರೆ, ತೆಗೆಯುವುದು ಉಳಿದುಬಿಡುತ್ತದೆ. ಬೇಸಿಗೆಯಲ್ಲೂ ಲಾರಿಗಳು ದೇವಿಮನೆ ಬಿಟ್ಟು ಹೊನ್ನಾವರ, ಗೇರುಸೊಪ್ಪಾ ಸುತ್ತಿ ಬರುತ್ತಿದ್ದರೆ ಮೊದಲು ‘ಬಂದ್’ ಪಟ್ಟಿ ತೆರೆದು ನೋಡಿ. ಮುಗಿಯುವ ದಿನಾಂಕ ಇಲ್ಲದ ಯಾವ ‘ಬಂದ್’ ದಾಖಲೆಯನ್ನೂ ವ್ಯವಸ್ಥೆ ಸ್ವೀಕರಿಸಬಾರದು.

ರೈಲಿನ ಮೇಲೆ ಹೋಗುವ ಲಾರಿ

ಕೊಂಕಣ ರೈಲ್ವೆ 1999ರಲ್ಲಿ ಲಾರಿಗಳನ್ನೇ ರೈಲಿನ ಮೇಲೆ ಹೇರಿಕೊಂಡು ಹೋಗುವ ರೋ-ರೋ ಸೇವೆ ಶುರು ಮಾಡಿತು. ಮಹಾರಾಷ್ಟ್ರದ ಕೊಲಾಡ್‌ನಿಂದ ಸುರತ್ಕಲ್‌ಗೆ ಹೋಗುವ ಲಾರಿ ಕಾರವಾರ, ಕುಮಟಾ, ಹೊನ್ನಾವರ ಎಲ್ಲವನ್ನೂ ಹಳಿಯ ಮೇಲೇ ದಾಟುತ್ತದೆ. ಸ್ವಯಂ ನಿಯಂತ್ರಣದ ವ್ಯವಸ್ಥೆಗೆ ಇದು ಅರ್ಥವೇ ಆಗುವುದಿಲ್ಲ. ವೇಗ ಇದೆ, ಹಾಗಾದರೆ ಡ್ರೈವರ್ ಓಡಿಸುತ್ತಿದ್ದಾನೆ ಎಂದು ಅದರ ಲೆಕ್ಕ. ‘ವಿಶ್ರಾಂತಿ ಇಲ್ಲದೆ ಇಷ್ಟು ಗಂಟೆ ಚಾಲನೆ’, ‘ರಸ್ತೆ ಬಿಟ್ಟು ಸಂಚಾರ’ ಎಂದು ಅಲಾರಂಗಳ ಸಾಲೇ ಬರುತ್ತದೆ. ರತ್ನಾಗಿರಿ ಹತ್ತಿರದ ಆರೂವರೆ ಕಿ.ಮೀ. ಉದ್ದದ ಕರಬುಡೆ ಸುರಂಗದಲ್ಲಿ ಗಾಡಿ ಕಾಣೆಯೇ ಆಗುತ್ತದೆ. ಗುರುತು ಸರಳ: ಇಗ್ನಿಷನ್ ಬಂದ್, ವೇಗ ಇದೆ, ಫಾಸ್ಟ್ಯಾಗ್ ದಾಖಲೆ ಇಲ್ಲ. ಈ ಮೂರೂ ಸೇರಿದರೆ ‘ರೈಲಿನ ಮೇಲೆ’ ಎಂಬ ಬೇರೆ ಸ್ಥಿತಿ ಕೊಡಿ, ಡ್ರೈವರ್ ನಿಯಮಗಳನ್ನು ಅಲ್ಲಿಗೆ ನಿಲ್ಲಿಸಿ. ಗಾಡಿ ಕೆಟ್ಟು ಬೇರೆ ಲಾರಿ ಎಳೆದುಕೊಂಡು ಹೋಗುವಾಗಲೂ ಮೊದಲ ಎರಡು ಗುರುತು ಕಾಣುತ್ತವೆ, ಅದಕ್ಕೇ ಮೂರನೆಯದು ಬೇಕು.

ಎಲ್ಲರೂ ಸರಿ, ಒಟ್ಟಿಗೆ ತಪ್ಪು

ಕೊನೆಗೆ ಉಳಿಯುವುದು ಅತಿ ಕಷ್ಟದ ದೋಷ. ಒಂದೊಂದು ಗಾಡಿಯನ್ನೂ ಪರೀಕ್ಷಿಸಿದರೆ ಯಾವುದರಲ್ಲೂ ತಪ್ಪಿಲ್ಲ. ಆದರೂ ಒಂದು ಹೊತ್ತಿಗೆ ಬೈತಕೋಲದಲ್ಲಿ ಲಾರಿಗಳ ಸಾಲು, ಕುಮಟಾ ತಾಲೂಕಿನ ತದಡಿ ಬಂದರಿನಲ್ಲಿ ಮೀನಿಗೆ ಗಾಡಿ ಇಲ್ಲ. ಸ್ವಲ್ಪ ಹೊತ್ತಿಗೆ ತದಡಿಯಲ್ಲಿ ಸಾಲು, ಬೈತಕೋಲ ಖಾಲಿ.

ಖಾಲಿ ಗಾಡಿಗಳು ಎಲ್ಲಿ ಸಾಲು ಕಡಿಮೆ ಎಂದು ನೋಡಿ ತಾವೇ ಬಂದರು ಆರಿಸುವ ನಿಯಮ ಇದ್ದರೆ ಹೀಗಾಗುತ್ತದೆ. ಎಲ್ಲವೂ ಒಂದೇ ಅಂಕಿಯನ್ನು ಒಂದೇ ಹೊತ್ತಿಗೆ ನೋಡುತ್ತವೆ, ಒಂದೇ ಕಡೆ ಓಡುತ್ತವೆ. ಹೋಗಿ ತಲುಪಲು ಒಂದು ಗಂಟೆಗೂ ಜಾಸ್ತಿ ಬೇಕು. ಅಷ್ಟರಲ್ಲಿ ಆ ಅಂಕಿ ಹಳೆಯದು. ಇಲ್ಲೂ ಕಾಡುವುದು ಮಾಹಿತಿಯ ವಯಸ್ಸೇ, ಅಲ್ವಾ? ಬ್ರೆಮೆನ್ ತಂಡ ಸ್ವಯಂ ನಿಯಂತ್ರಣದ ಎರಡು ವಿಧಾನ ಹೋಲಿಸಿ ನೋಡಿತ್ತು. ಒಂದರಲ್ಲಿ ಮುಂದಿನ ಸಾಲಿನ ಉದ್ದ ನೋಡಿ ಕಾಯುವ ಸಮಯ ಅಂದಾಜು ಮಾಡುವುದು. ಇನ್ನೊಂದು ಇರುವೆಗಳಿಂದ ಕಲಿತದ್ದು: ಮೊದಲು ಹೋದವರು ಎಷ್ಟು ಹೊತ್ತಾಯಿತು ಎಂಬ ಗುರುತು ಬಿಟ್ಟು ಹೋಗುತ್ತಾರೆ, ಹಿಂದೆ ಬರುವವರು ಅದರ ಸರಾಸರಿ ನೋಡಿ ಆರಿಸುತ್ತಾರೆ. ಎರಡನೆಯದು ಹಿಂದೆ ಆದದ್ದನ್ನು ನೋಡುತ್ತದೆ, ಹಾಗಾಗಿ ಪರಿಸ್ಥಿತಿ ಬೇಗ ಬದಲಾದರೆ ಹಿಂದೆ ಬೀಳುತ್ತದೆ. ದೋಣಿಗಳು ಬರುವ ಹೊತ್ತಿನಲ್ಲಿ ನಮ್ಮ ಬಂದರುಗಳು ಬದಲಾಗುವುದು ಬಹಳ ಬೇಗ.

ಖಚಿತ ಮಾಡಿಕೊಳ್ಳಲು ಎರಡೂ ಬಂದರಿನ ಸಾಲಿನ ಉದ್ದವನ್ನು ಒಂದೇ ಗ್ರಾಫಿನಲ್ಲಿ ಹಾಕಿ. ಒಂದು ಏರಿದಾಗ ಇನ್ನೊಂದು ಇಳಿದು, ಪ್ರಯಾಣದ ಸಮಯಕ್ಕೆ ಹೊಂದುವ ಅಂತರದಲ್ಲಿ ಇದು ತಿರುಗುಮುರುಗಾಗುತ್ತಿದ್ದರೆ ಇದೇ ದೋಷ. ಪರಿಹಾರಕ್ಕೆ ಮೊದಲು ಮಾಡಬೇಕಾದದ್ದು, ಹೊರಟು ದಾರಿಯಲ್ಲಿರುವ ಗಾಡಿಗಳನ್ನೂ ಸಾಲಿಗೆ ಸೇರಿಸಿ ಎಣಿಸುವುದು. ಇದೊಂದೇ ಬಹಳಷ್ಟು ಸರಿ ಮಾಡುತ್ತದೆ. ಜೊತೆಗೆ ಸಣ್ಣ ಲಾಭಕ್ಕೆ ಮನಸ್ಸು ಬದಲಿಸಬಾರದು ಎಂಬ ನಿಯಮ ಬೇಕು. 20 ನಿಮಿಷಕ್ಕಿಂತ ಹೆಚ್ಚು ಉಳಿದರೆ ಮಾತ್ರ ಬಂದರು ಬದಲಿಸಲಿ. ಕಾರವಾರದಿಂದ ಹೊರಟ ಗಾಡಿ ಅಂಕೋಲಾ ದಾಟಿದ ಮೇಲೆ ಬದಲಿಸಲೇಬಾರದು. ಇವೆರಡೂ ಸಾಲದಿದ್ದರೆ ಎಲ್ಲ ಗಾಡಿಗಳೂ ಒಟ್ಟಿಗೆ ಲೆಕ್ಕ ಹಾಕದಂತೆ ಒಂದೊಂದಕ್ಕೆ ಒಂದೊಂದು ಹೊತ್ತು ಕೊಡಿ.

ಸರಿಪಡಿಸಿದ ಮೇಲೆ

ತಪ್ಪು ತೀರ್ಮಾನ ಬಂದ ದಿನದ ಲಾಗನ್ನು ಹಾಗೇ ಉಳಿಸಿಕೊಳ್ಳಿ. ತಿದ್ದಿದ ವ್ಯವಸ್ಥೆಗೆ ಅದೇ ಲಾಗನ್ನು, ಸಂದೇಶಗಳು ತಲುಪಿದ ಅದೇ ಕ್ರಮದಲ್ಲಿ, ಮತ್ತೆ ಉಣಿಸಿ. ಯಂತ್ರದ ಸಮಯಕ್ಕೆ ಜೋಡಿಸಿ ಉಣಿಸಿದರೆ ದೋಷ ತಾನಾಗಿ ಮಾಯವಾಗುತ್ತದೆ, ಪರೀಕ್ಷೆ ಆದಂತಲ್ಲ. ಆಮೇಲೆ ತಪ್ಪಿಲ್ಲದೆ ಓಡಿದ ಒಂದು ದಿನದ ಲಾಗನ್ನೂ ಉಣಿಸಿ ನೋಡಿ. ಹಳೆಯ ಸರಿ ತೀರ್ಮಾನಗಳು ಬದಲಾಗಿರಬಾರದು.

ಇದೆಲ್ಲ ಮಾಡಿದರೂ ಕಾರಣ ಸಿಗದಿದ್ದರೆ, ಅದರಲ್ಲೂ ಜೂನ್‌ನಿಂದ ಸೆಪ್ಟೆಂಬರ್ ನಡುವೆ, ವ್ಯವಸ್ಥೆಯ ಕೈಯಿಂದ ತೀರ್ಮಾನ ತೆಗೆದು ಸಲಹೆಗೆ ಮಾತ್ರ ಇಡಿ. ಅದು ಏನು ಹೇಳಿತು, ಡ್ರೈವರ್ ಏನು ಮಾಡಿದ, ಯಾಕೆ ಮಾಡಿದ, ಮೂರನ್ನೂ ಬರೆದಿಡಿ. ‘ಯಾಕೆ’ ಎಂಬುದಕ್ಕೆ ಫೋನಿನಲ್ಲಿ ದೊಡ್ಡ ಬಟನ್‌ಗಳು ಸಾಕು: ಗುಡ್ಡದ ಮಣ್ಣು, ನೀರು, ವಾಹನ ನಿಂತಿವೆ, ಪೊಲೀಸರು ತಿರುಗಿಸಿದರು, ಗಾಡಿ ತೊಂದರೆ. ಗಾಡಿ ನಿಲ್ಲಿಸಿದಾಗ ಮಾತ್ರ ಒತ್ತುವಂತಿರಲಿ. ವಾರಕ್ಕೊಮ್ಮೆ ಆ ಪಟ್ಟಿಯನ್ನು ಡ್ರೈವರ್‌ಗಳ ಜೊತೆ ಕೂತು ಓದಿ, ವ್ಯವಸ್ಥೆ ಮತ್ತು ಡ್ರೈವರ್ ಬೇರೆ ಬೇರೆ ದಾರಿ ಹೇಳಿದ ಪ್ರತಿ ಸಾಲಿನ ಎದುರು ಆ ಹೊತ್ತಿನ ಮಾಹಿತಿಯ ವಯಸ್ಸನ್ನು ಬರೆಯಿರಿ.